ನಾಲ್ಕು ತಂತಿ, ನಾಲ್ಕು ಸ್ಕ್ರೂ

ಶೀರ್ಷಿಕೆಯನ್ನು ಕಂಡು ವರಕವಿ ಬೇಂದ್ರೆಯವರ ಕಾವ್ಯದ ಕುರಿತು ಏನೋ ಬರೆಯಹೊರಟಿದ್ದೇನೆಂದು ಯಾರೂ ಭಾವಿಸಬಾರದು. ಆ ಅಧಿಕಾರ ನನಗಿಲ್ಲ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಗಳಲ್ಲಿಯೂ ಕೊನೆಗೆ ಚಿತ್ರದುರ್ಗದಲ್ಲಿಯೂ ಮೂವತ್ತಾರು ವರ್ಷ ವಿಜ್ಞಾನ, ಗಣಿತಗಳನ್ನು ಬೋಧಿಸಿ ನಿವೃತ್ತನಾದವನು ನಾನು. ಇಂದಿನ ವಿಷಯ ಬೇಸ್ ಗಿಟಾರ್ ಎಂಬ ವಾದ್ಯ. ಈ ಬರಹಗಳನ್ನು ಮೊಮ್ಮಗಳಿಂದ ಓದಿಸಿಕೊಂಡು ಕೇಳುವ ನನ್ನ ಅಕ್ಕನಿಗಾಗಿ ಮೊದಲೇ ಹೇಳಿಬಿಡುತ್ತೇನೆ: ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಹಾಡುವವರ ಹಿಂದೆ, ಡ್ರಮ್ಸಿನ ಪಕ್ಕದಲ್ಲಿ, ಉದ್ದ ಕತ್ತಿನ, ನಾಲ್ಕೇ ತಂತಿಗಳ ಗಿಟಾರನ್ನು ಹೆಗಲಿಗೆ ತಗುಲಿಹಾಕಿಕೊಂಡು ಒಬ್ಬ ನಿಂತಿರುತ್ತಾನಲ್ಲ, ಅವನ ಕೈಯಲ್ಲಿರುವುದೇ ಅದು. ಅವನು ನುಡಿಸುತ್ತಿರುವುದು ನಮ್ಮ ಗಮನಕ್ಕೇ ಬರುವುದಿಲ್ಲ. ನಿಲ್ಲಿಸಿದರೆ ಮಾತ್ರ ಹಾಡಿನ ಕೆಳಗಿನ ನೆಲ ಸರಿದಂತಾಗುತ್ತದೆ.

ಕಳೆದ ತಿಂಗಳು ಬಂಧುಗಳೊಬ್ಬರ ಗೃಹಪ್ರವೇಶಕ್ಕೆಂದು ಹೊಳಲ್ಕೆರೆಗೆ ಹೋಗಿದ್ದೆ. ಊಟವಾದ ಮೇಲೆ ಬಯಲು ಗಣಪನ ದರ್ಶನ ಮಾಡಿಕೊಂಡು ಬಸ್ಸಿಗೆ ಬರುವ ದಾರಿಯಲ್ಲಿ, "ಸಾರ್, ಸಾರ್" ಎಂದು ಯಾರೋ ಅಂಗಡಿಯೊಳಗಿಂದ ಓಡಿ ಬಂದು ಕಾಲು ಮುಟ್ಟಿದರು. ಹೊಸದುರ್ಗದಲ್ಲಿದ್ದಾಗ 1990-91ರ ಸಾಲಿನಲ್ಲಿ ಹತ್ತನೆಯ ತರಗತಿಯಲ್ಲಿದ್ದ ಹುಡುಗ. ಹುಡುಗ ಎಂದೆನಷ್ಟೆ, ಈಗ ಅವನಿಗೂ ಐವತ್ತರ ಹತ್ತಿರ, ತಲೆ ನನಗಿಂತ ಹೆಚ್ಚು ಬೆಳ್ಳಗಾಗಿದೆ. ರೇಡಿಯೋ, ಟಿ.ವಿ., ಮಿಕ್ಸಿಗಳ ರಿಪೇರಿ ಅಂಗಡಿ. ಕುಳ್ಳಿರಿಸಿ ಚಹಾ ತರಿಸಿದ. ಮಾತಿನ ನಡುವೆ ಮೇಲಿನ ಅಟ್ಟದಿಂದ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ಇಳಿಸಿ ನನ್ನೆದುರು ಇಟ್ಟ. ಅವನ ಅಣ್ಣನ ಬೇಸ್ ಗಿಟಾರ್.

ಅಣ್ಣ ಆರ್ಕೆಸ್ಟ್ರಾ ಒಂದರಲ್ಲಿದ್ದವನು. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆ, ಚಿತ್ರದುರ್ಗದ ಗಣಪತಿ ಪೆಂಡಾಲುಗಳು, ಆಗಿನ್ನೂ ನಮ್ಮ ಜಿಲ್ಲೆಯಲ್ಲಿಯೇ ಇದ್ದ ದಾವಣಗೆರೆಯ ಮದುವೆ ಮನೆಗಳು, ಹೀಗೆ ಆ ಗಿಟಾರು ಲಾರಿ, ಬಸ್ಸುಗಳ ಮೇಲೆ ಸುತ್ತದ ಊರಿಲ್ಲ. ಅಣ್ಣ ತೀರಿಕೊಂಡು ಆರು ವರ್ಷವಾಯಿತಂತೆ. ಅವನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಆ ಹುಡುಗ ಗಿಟಾರಿನ ಚಿತ್ರಗಳನ್ನು ತೆಗೆದು ಹಳೆಯ ವಾದ್ಯಗಳನ್ನು ಕೊಳ್ಳುವ ಒಬ್ಬರಿಗೆ ಕಳುಹಿಸಿದನಂತೆ. ಅವರ ಮೊದಲ ಪ್ರಶ್ನೆ, "ಇದನ್ನು ಯಾರಾದರೂ ಬಿಚ್ಚಿದ್ದಾರೆಯೇ?" ಬಿಚ್ಚಿದ್ದಾರೆ, ಕಾಯಿಲ್ ಮತ್ತೆ ಸುತ್ತಿದ್ದಾರೆ, ಬೆಸುಗೆ ಹಾಕಿದ್ದಾರೆ, ಕತ್ತಿನ ಒಂದು ಸ್ಕ್ರೂ ಬದಲಾಗಿದೆ ಎಂದು ಹುಡುಗ ಪ್ರಾಮಾಣಿಕವಾಗಿ ಉತ್ತರಿಸಿದ. ಅಸಲು ಅಮೆರಿಕದ್ದಲ್ಲ, ನಕಲು. ಅದರ ಮೇಲೆ ಬಿಚ್ಚಿ ಕೆಡಿಸಿದ್ದು. ಆದ್ದರಿಂದ ಸೌದೆಯ ಬೆಲೆಯೂ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. "ಬಿಚ್ಚಿದ್ದು ನಾನೇ ಸಾರ್. ನಾನೇ ಕೆಡಿಸಿಬಿಟ್ನೇನೋ ಅಂತ ಒಂದು ವಾರದಿಂದ ನಿದ್ದೆ ಇಲ್ಲ" ಎಂದ ಶಿಷ್ಯ.

ಈ ಲೇಖನವನ್ನು ಬರೆಯಲು ಆ ಮಾತೇ ಕಾರಣ. ಆದರೆ ಅದಕ್ಕೆ ಉತ್ತರಿಸುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಅದೇ 1990-91ರ ಸಾಲು. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ. ಮೇಜಿನ ಮೇಲೆ ತಂತಿಯ ಸುರುಳಿ, ಗ್ಯಾಲ್ವನೋಮೀಟರು, ಒಂದು ದಂಡಕಾಂತ. ಕಾಂತವನ್ನು ಸುರುಳಿಯೊಳಕ್ಕೆ ತೂರಿಸಿದರೆ ಮುಳ್ಳು ಒಂದು ಕಡೆ, ಹೊರಗೆಳೆದರೆ ಇನ್ನೊಂದು ಕಡೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದು. ಎಲ್ಲರೂ ಬರೆದುಕೊಳ್ಳುತ್ತಿದ್ದಾಗ ಈ ಹುಡುಗ ಎದ್ದು ನಿಂತು, "ಸಾರ್, ನಮ್ಮಣ್ಣನ ಗಿಟಾರ್ ಒಳಗೂ ಕಾಂತ, ಸುರುಳಿ ಐತೆ. ಅದೂ ಇದೇನಾ ಸಾರ್?" ಎಂದು ಕೇಳಿದ. ಅವನು ಆರ್ಕೆಸ್ಟ್ರಾದ ಹಿಂದೆ ಅಲೆಯುತ್ತಾನೆಂದು ಅವನ ತಂದೆ ಹಿಂದಿನ ವಾರವಷ್ಟೇ ನನ್ನಲ್ಲಿ ದೂರಿದ್ದರು. ನಾನು, "ಮೊದಲು ಲೆಕ್ಕದಲ್ಲಿ ಪಾಸಾಗು, ಆಮೇಲೆ ಆರ್ಕೆಸ್ಟ್ರಾ. ಕೂತ್ಕೋ" ಎಂದೆ. ತರಗತಿ ನಕ್ಕಿತು. ಅವನು ಕುಳಿತ. ಆ ವರ್ಷ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಅವನು ಕೇಳಿದ್ದು ಸರಿಯಾಗಿತ್ತು. ಅದೇ ಅದು. ಗಿಟಾರಿನ ತಂತಿಗಳ ಕೆಳಗೆ ಕಾಂತದ ತುಂಡುಗಳಿವೆ. ಅವುಗಳ ಸುತ್ತ ಕೂದಲಿಗಿಂತ ಹೆಚ್ಚು ದಪ್ಪವಿಲ್ಲದ ಎನಾಮಲ್ ಲೇಪದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದಾರೆ. ಮೇಲಿನ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅದೇ ಲಯದಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರು ಹಿಗ್ಗಿಸುತ್ತದೆ. ನನ್ನ ದಂಡಕಾಂತದ ಪ್ರಯೋಗಕ್ಕಿಂತ ನೂರು ಪಾಲು ಸೊಗಸಾದ ಪ್ರಯೋಗ ಆ ಹುಡುಗನ ಮನೆಯಲ್ಲಿತ್ತು. ಅದನ್ನು ಮರುದಿನ ತರಗತಿಗೆ ತರಿಸಿದ್ದರೆ ನಲವತ್ತೈದು ಮಕ್ಕಳಿಗೆ ಫ್ಯಾರಡೆ ಜನ್ಮಪೂರ್ತಿ ನೆನಪಿರುತ್ತಿದ್ದ.

ನನ್ನ ಅವಜ್ಞೆಗೆ ಇನ್ನೊಂದು ಕಾರಣವಿತ್ತೆಂದು ಈಗ ಹೊಳೆಯುತ್ತದೆ. ನಮ್ಮ ಪೀಳಿಗೆ ಬೇಸ್ ಗಿಟಾರನ್ನು ಕೇಳಿಯೇ ಇರಲಿಲ್ಲ! ಅದರ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಭದ್ರಾವತಿ ಆಕಾಶವಾಣಿಯ ಚಿತ್ರಗೀತೆಗಳನ್ನು ನಾವು ಕೇಳುತ್ತಿದ್ದುದು ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ. ಅಷ್ಟು ಸಣ್ಣ ಸ್ಪೀಕರು ಅಷ್ಟು ಕೆಳಗಿನ ಕಂಪನವನ್ನು ಹೊರಡಿಸಲಾರದು. ಅದರ ಎರಡರಷ್ಟು, ಮೂರರಷ್ಟು ಕಂಪನಗಳನ್ನು ಹಿಡಿದು ಕಿವಿಯೇ ಉಳಿದದ್ದನ್ನು ಊಹಿಸಿಕೊಳ್ಳುತ್ತಿತ್ತು. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಚಿತ್ರ 1981ರಲ್ಲಿ ಬಂದಾಗ ನಾನು ಪದವಿಯ ವಿದ್ಯಾರ್ಥಿ. ಇಳಯರಾಜರ ಸಂಗೀತ. 'ಜೊತೆಯಲಿ' ಹಾಡನ್ನು ಎಷ್ಟು ನೂರು ಸಲ ಕೇಳಿದ್ದೇನೋ. ಮೊನ್ನೆ ಮಗಳು ಕೊಟ್ಟ ಒಳ್ಳೆಯ ಹೆಡ್‌ಫೋನಿನಲ್ಲಿ ಅದನ್ನು ಕೇಳಿದಾಗ, ಬಾಲಸುಬ್ರಹ್ಮಣ್ಯಂ ಮತ್ತು ಜಾನಕಿಯವರ ಕಂಠಗಳ ಕೆಳಗೆ ಮೂರನೆಯ ಹಾಡುಗಾರನಂತೆ ಬೇಸ್ ಗಿಟಾರ್ ತನ್ನದೇ ಸ್ವತಂತ್ರವಾದ ರಾಗವನ್ನು ನಡೆಸಿಕೊಂಡು ಹೋಗುತ್ತಿದ್ದುದು ಕೇಳಿಸಿತು. ನಲವತ್ತು ವರ್ಷ ಅರ್ಧ ಹಾಡನ್ನೇ ಕೇಳಿ ಪೂರ್ತಿ ಹಾಡೆಂದು ನಂಬಿದ್ದೆ. (ಇಳಯರಾಜರು ತಮ್ಮ ಆರಂಭದ ದಿನಗಳಲ್ಲಿ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದರು, ಗಿಟಾರ್ ನುಡಿಸುತ್ತಿದ್ದರು ಎಂಬುದನ್ನು ಕನ್ನಡಿಗರು ಆಗಾಗ ನೆನೆಯಬೇಕು.) ಈ ವಾದ್ಯವನ್ನು ತಂಬೂರಿಗೆ ಹೋಲಿಸುವವರಿದ್ದಾರೆ. ಪೂರ್ತಿ ಸರಿಯಲ್ಲ. ತಂಬೂರಿ ನಿಂತಲ್ಲಿ ನಿಲ್ಲುತ್ತದೆ; ಇದು ನಡೆಯುತ್ತದೆ.

ಇನ್ನು ಈ ವಾದ್ಯ ಹುಟ್ಟಿದ ಬಗೆ. ಹಿಂದೆ ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು. ಸೋನೋಮೀಟರಿನ ಪಾಠ ನೆನಪಿದೆಯಷ್ಟೆ? ತಂತಿ ಉದ್ದವಾದಷ್ಟೂ, ಭಾರವಾದಷ್ಟೂ, ಸಡಿಲವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಆದ್ದರಿಂದ ಉದ್ದನೆಯ ತಂತಿ ಬೇಕು. ತಂತಿಯೊಂದೇ ಗಾಳಿಯನ್ನು ಅಲುಗಿಸಲಾರದಾದ್ದರಿಂದ ನಮ್ಮ ವೀಣೆಗೆ ಕೊಡವಿರುವಂತೆ ಅದಕ್ಕೆ ದೊಡ್ಡ ಹೊಟ್ಟೆಯೂ ಬೇಕು. ಹೊತ್ತು ತಿರುಗುವುದು ಕಷ್ಟ. ಇಷ್ಟಾಗಿಯೂ ಕಹಳೆ, ಡ್ರಮ್ಮುಗಳ ಎದುರು ಅದರ ದನಿ ಕೇಳಿಸದು. ಮೆಟ್ಟಿಲುಗಳಿಲ್ಲದ ಕಾರಣ ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು.

ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಎಂಬುವರು 1930ರ ದಶಕದಲ್ಲಿಯೇ ಹೊಟ್ಟೆಯಿಲ್ಲದ, ಮೆಟ್ಟಿಲುಳ್ಳ ವಿದ್ಯುತ್ ಬೇಸನ್ನು ಮಾಡಿದ್ದರು. ಅದು ಹರಡಲಿಲ್ಲ. ಹರಡಿದ್ದು 1951ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಮಾಡಿದ 'ಪ್ರಿಸಿಷನ್ ಬೇಸ್'. ಈ ಫೆಂಡರ್ ಯಾರು? ಸಂಗೀತಗಾರನಲ್ಲ, ಅವನಿಗೆ ಗಿಟಾರ್ ನುಡಿಸಲೂ ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ. 1938ರಿಂದ ಅದೇ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು! ಕೆಟ್ಟ ಆಂಪ್ಲಿಫೈಯರು, ಗಿಟಾರುಗಳನ್ನು ಹೊತ್ತು ತಂದ ವಾದಕರು ಹೇಳಿಕೊಂಡ ಕಷ್ಟಗಳನ್ನು ಕೇಳಿಸಿಕೊಂಡವನು. ಅವನು ಮಾಡಿದ ಬೇಸ್ ಬರಿಯ ಹಲಗೆ. ಕಾಂತ ಮತ್ತು ಸುರುಳಿ ಇದ್ದ ಮೇಲೆ ಹೊಟ್ಟೆಯೇಕೆ? ತಂತಿಯ ಉದ್ದವನ್ನು 34 ಇಂಚಿಗೆ ಇಳಿಸಿ, ಕಡಿಮೆಯಾದ ಉದ್ದವನ್ನು ತಂತಿಯ ದಪ್ಪದಲ್ಲಿ ತುಂಬಿದ. ಮೆಟ್ಟಿಲು ಕೂರಿಸಿದ್ದರಿಂದ ಸ್ವರ ನಿಖರವಾಯಿತು; 'ಪ್ರಿಸಿಷನ್' ಎಂಬ ಹೆಸರಿಗೆ ಅದೇ ಕಾರಣ. ಉದ್ದ ಕತ್ತು ಕೆಳಕ್ಕೆ ಜಗ್ಗದಿರಲೆಂದು ಹಲಗೆಯ ಮೇಲಂಚನ್ನು ಕೊಂಬಿನಂತೆ ಮುಂದಕ್ಕೆ ಚಾಚಿ ಅಲ್ಲಿ ಹೆಗಲಪಟ್ಟಿ ಸಿಕ್ಕಿಸಿದ. ನೋಡುವವರು ಅಲಂಕಾರ ಎಂದುಕೊಳ್ಳುವ ಆ ಕೊಂಬು ಸನ್ನೆಕೋಲಿನ ಲೆಕ್ಕ.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಕತ್ತು. ಪಿಟೀಲು ಮಾಡುವವರು ಕತ್ತನ್ನು ಅಂಟು ಹಾಕಿ ಕೂಡಿಸುತ್ತಾರೆ. ಫೆಂಡರ್ ಅದನ್ನು ಹಿಂಬದಿಯಿಂದ ನಾಲ್ಕು ಸ್ಕ್ರೂಗಳಿಂದ ಬಿಗಿದ. ಸವೆಯಿತೇ, ಸೊಟ್ಟಗಾಯಿತೇ, ಬಿಚ್ಚಿ ಬೇರೆ ಹಾಕಿಕೋ. ಒಳಗಿನ ವೈರುಗಳನ್ನು ತಲುಪಬೇಕೆ, ಒಂದು ತಗಡನ್ನು ತೆಗೆ. ರಿಪೇರಿ ಮಾಡುವವನು ರಿಪೇರಿ ಮಾಡುವವನಿಗಾಗಿ ರಚಿಸಿದ ವಾದ್ಯವಿದು. ತನ್ನ ರಚನೆಯನ್ನು ತಾನೂ ಸುಮ್ಮನೆ ಬಿಡಲಿಲ್ಲ. 1954ರಲ್ಲಿ ಹಲಗೆಯ ಚೂಪಂಚುಗಳನ್ನು ಮೈಗೆ ಒತ್ತದಂತೆ ಇಳಿಜಾರು ಮಾಡಿದ. 1957ರಲ್ಲಿ ಒಂದೇ ಸುರುಳಿಯ ಬದಲು ಎರಡೆರಡು ತಂತಿಗೆ ಒಂದರಂತೆ ಎರಡು ತುಂಡು ಸುರುಳಿ ಇಟ್ಟ. 1959ರಲ್ಲಿ ಬೆರಳು ಓಡಾಡುವ ಪಟ್ಟಿಗೆ ಮೇಪಲ್ ಬಿಟ್ಟು ರೋಸ್‌ವುಡ್, ಎಂದರೆ ನಮ್ಮ ಬೀಟೆಯ ಜಾತಿಯ ಮರ, ಹಾಕಿದ. 1960ರಲ್ಲಿ ತೆಳುಗತ್ತಿನ 'ಜಾಜ್ ಬೇಸ್' ಬಂತು. (ಬ್ರೆಜಿಲ್ ದೇಶದ ರೋಸ್‌ವುಡ್ ದುರ್ಲಭವಾದ ಮೇಲೆ ಜಗತ್ತಿನ ಗಿಟಾರ್ ತಯಾರಕರು ಮೊರೆಹೊಕ್ಕಿದ್ದು ಭಾರತದ ಬೀಟೆಯನ್ನೇ. ಮಾರ್ಟಿನ್ ಕಂಪನಿ 1969ರಲ್ಲಿ ಅದಕ್ಕೆ ಬದಲಾಯಿತು. ಮಲೆನಾಡಿನ ಮರಕ್ಕೆ ಎಂತೆಂಥ ಬೆರಳುಗಳ ಸ್ಪರ್ಶ!)

1965ರ ಜನವರಿಯಲ್ಲಿ ಫೆಂಡರ್ ತನ್ನ ಕಂಪನಿಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಸಂಸ್ಥೆಗೆ ಮಾರಿದ. ಅದಕ್ಕೆ ಮೊದಲಿನವು ಶ್ರೇಷ್ಠ, ಅನಂತರದವು ಕನಿಷ್ಠ ಎಂಬ ನಂಬಿಕೆ ಕಾಲಕ್ರಮೇಣ ಬೆಳೆದು, ಈಗ ಆ ಹಳೆಯ ವಾದ್ಯಗಳು ಲಕ್ಷಗಟ್ಟಲೆ ರೂಪಾಯಿಗೆ ಬಿಕರಿಯಾಗುತ್ತವೆ. ಬಣ್ಣ ಮೂಲದ್ದೇ? ಬೆಸುಗೆ ಮೂಲದ್ದೇ? ಸ್ಕ್ರೂ ಮೂಲದ್ದೇ? ಒಂದು ಬದಲಾಗಿದ್ದರೂ ಬೆಲೆ ಇಳಿಯಿತು. ಬಿಚ್ಚಿ ಸರಿಪಡಿಸಲೆಂದೇ ಸ್ಕ್ರೂ ಹಾಕಿದವನ ವಾದ್ಯವನ್ನು, ಬಿಚ್ಚಲೇಬಾರದೆಂಬ ಮಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಿದ್ದಾರೆ. ಇದು ಆ ರಿಪೇರಿಯವನಿಗೆ ಮಾಡುವ ಗೌರವವೆಂದು ನನಗನ್ನಿಸುವುದಿಲ್ಲ.

ನಮ್ಮ ವೀಣೆಯನ್ನೇ ನೋಡಿ. ಅದರ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಕಾಲ ಕಳೆದಂತೆ ಮೇಣ ಸಡಿಲವಾಗುತ್ತದೆ, ಮೆಟ್ಟಿಲು ಸರಿಯುತ್ತದೆ. ಆಗ ಕುಶಲಕರ್ಮಿಯನ್ನು ಕರೆಸಿ ಹಳೆಯ ಮೇಣವನ್ನು ತೆಗೆಸಿ ಹೊಸದಾಗಿ ಮೇಳ ಕಟ್ಟಿಸುತ್ತಾರೆ. ಅಜ್ಜಿಯ ವೀಣೆ ಮೇಳ ಕಟ್ಟಿಸಿದ್ದರಿಂದ ಅಸಲಿಯಲ್ಲ ಎಂದು ಯಾವ ವೈಣಿಕರೂ ಹೇಳಿದ್ದನ್ನು ನಾನು ಕೇಳಿಲ್ಲ. ಜಾಕೋ ಪಾಸ್ಟೋರಿಯಸ್ ಎಂಬ ಅಮೆರಿಕದ ಕಲಾವಿದ 1962ರ ಒಂದು ಜಾಜ್ ಬೇಸಿನ ಮೆಟ್ಟಿಲುಗಳನ್ನು ಕಿತ್ತು, ಸಂದುಗಳನ್ನು ತುಂಬಿಸಿ, ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಪಟ್ಟಿಗೆ ಬಳಿದ. ಸಂಗ್ರಾಹಕರ ಲೆಕ್ಕದಲ್ಲಿ ಅದು ವಾದ್ಯದ ಕೊಲೆ. ಆದರೆ ಆ 'ಕೆಡಿಸಿದ' ವಾದ್ಯದಿಂದಲೇ ಬೇಸ್ ಗಿಟಾರು ಕಂಠದಂತೆ ಜಾರಿ ಹಾಡಬಲ್ಲುದೆಂದು ಜಗತ್ತಿಗೆ ತಿಳಿಯಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ, ಪಿಟೀಲಿನ ಆಕಾರದ ಹಾಫ್ನರ್ ಬೇಸ್ 1972ರಲ್ಲಿ ಕಳವಾಗಿತ್ತು; ಅದು ಮರಳಿ ದೊರೆತ ಸುದ್ದಿ 2024ರಲ್ಲಿ ಪ್ರಕಟವಾಯಿತು. ಐವತ್ತು ವರ್ಷ ಎಲ್ಲೆಲ್ಲೋ ಬಿದ್ದಿದ್ದ ಆ ವಾದ್ಯಕ್ಕೂ ನುಡಿಯಬೇಕಾದರೆ ರಿಪೇರಿ ಬೇಕಾಯಿತು.

ಹಾಗೆಂದು ಹಳೆಯದನ್ನೆಲ್ಲ ಬಿಚ್ಚಿಹಾಕಿ ಎಂದು ನಾನು ಹೇಳುತ್ತಿಲ್ಲ. ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಶಾಸನದ ಅಕ್ಷರ ಸವೆದಿದೆಯೆಂದು ಉಳಿ ಹಿಡಿದು ತಿದ್ದಲು ಹೊರಟವನನ್ನು ನಾನೇ ಮೊದಲು ತಡೆದೇನು. ಮೊದಮೊದಲ ಕೆಲವು ಬೇಸುಗಳು ಹೇಗಿದ್ದವೋ ಹಾಗೆಯೇ ವಸ್ತುಸಂಗ್ರಹಾಲಯದಲ್ಲಿರಲಿ, ಮುಂದಿನವರು ಅಳೆದು ನೋಡಲಿ. ಆದರೆ ಶಾಸನ ಓದುವುದಕ್ಕೆ, ವಾದ್ಯ ನುಡಿಸುವುದಕ್ಕೆ. ಎರಡಕ್ಕೂ ಒಂದೇ ನಿಯಮವನ್ನು ಹೇರುವುದು ಅವಿವೇಕ.

ಈಗ ಹೊಳಲ್ಕೆರೆಯ ಅಂಗಡಿಗೆ ಬರೋಣ. ನಾನು ಕನ್ನಡಕ ಏರಿಸಿಕೊಂಡು ಆ ಗಿಟಾರನ್ನು ತಿರುಗಿಸಿ ನೋಡಿದೆ. ತಲೆಯ ಮೇಲಿನ ಹೆಸರು ಅಳಿಸಿಹೋಗಿದೆ. ಅಂಚು ಕಿತ್ತುಹೋದಲ್ಲಿ ಪ್ಲೈವುಡ್ಡಿನ ಪದರಗಳು ಕಾಣಿಸುತ್ತವೆ. ನಕಲೇ, ಸಂದೇಹವಿಲ್ಲ. ಆದರೆ 34 ಇಂಚು 34 ಇಂಚೇ (ಅವನ ಟೇಪಿನಿಂದಲೇ ಅಳೆದೆ). ಅದೇ ಕೊಂಬು, ಅದೇ ಎರಡು ತುಂಡಿನ ಸುರುಳಿ, ಹಿಂದೆ ನಾಲ್ಕು ಸ್ಕ್ರೂ. ಅವುಗಳಲ್ಲಿ ಒಂದು ಹೊಳೆಯುತ್ತಿತ್ತು. "ಅದು ಮಿಕ್ಸಿದು ಸಾರ್" ಎಂದ.

1998ರಲ್ಲಿ ಹಬ್ಬದ ಹಿಂದಿನ ದಿನ ಗಿಟಾರಿನ ಎರಡು ತಂತಿಗಳು ಮೂಕವಾದವಂತೆ. ಬೆಂಗಳೂರಿಗೆ ಕಳುಹಿಸಲು ಸಮಯವಿರಲಿಲ್ಲ, ಹಣವೂ ಇರಲಿಲ್ಲ. ಆಗಷ್ಟೇ ಅಂಗಡಿ ತೆರೆದಿದ್ದ ತಮ್ಮ, ಸುಟ್ಟ ರಿಲೇಯೊಂದರಿಂದ ತೆಳು ತಂತಿಯನ್ನು ಬಿಚ್ಚಿ, ಅವ್ವನ ಹೊಲಿಗೆ ಯಂತ್ರದ ಕೈಚಕ್ರಕ್ಕೆ ಆ ಸುರುಳಿಯನ್ನು ಕಟ್ಟಿ ರಾತ್ರಿಯಿಡೀ ಸುತ್ತಿದ. ತಂತಿ ಏಳೆಂಟು ಸಲ ತುಂಡಾಯಿತು. ಬೆಳಗಿನ ಜಾವ ಜೋಡಿಸಿದಾಗ ಸ್ವರ ಬಂತು, ಜೊತೆಗೆ ಜೇನುಗೂಡಿನಂಥ ಗುಂಯ್ ಸದ್ದೂ ಬಂತು. ಒಂದು ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿದ. ಗುಂಯ್ ನಿಂತುಹೋಯಿತು.

"ಯಾಕೆ ನಿಂತಿತು ಗೊತ್ತೇನೋ?" ಎಂದು ಕೇಳಿದೆ. ಹಳೆಯ ಚಾಳಿ. ನಾನು ವಿವರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಒಂದು ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದ. ಸುತ್ತಲಿನ ಲೈನಿನಿಂದ ಸೆಕೆಂಡಿಗೆ 50 ಆವರ್ತದ ಗುಂಯ್ ಎರಡೂ ಸುರುಳಿಗಳಲ್ಲಿ ಹುಟ್ಟುತ್ತದೆ. ಒಂದನ್ನು ತಿರುಗುಮುರುಗಾಗಿ ಜೋಡಿಸಿದರೆ ಒಂದರ ಗುಂಯ್ ಇನ್ನೊಂದನ್ನು ಅಳಿಸುತ್ತದೆ. ಪ್ರತಿ ತಂತಿಯ ಸ್ವರ ಹುಟ್ಟುವುದು ಒಂದೇ ಸುರುಳಿಯಲ್ಲಾದ್ದರಿಂದ ಸ್ವರ ಅಳಿಯುವುದಿಲ್ಲ. ಫೆಂಡರ್ 1957ರಲ್ಲಿ ಸುರುಳಿಯನ್ನು ಎರಡು ಮಾಡಿದ್ದರಿಂದ ಸಿಕ್ಕ ದೊಡ್ಡ ಲಾಭವೇ ಇದು. ಅದನ್ನು ಯಾವ ಪುಸ್ತಕವನ್ನೂ ನೋಡದೆ, ನಾನು ಕೂರಿಸಿದ ಹುಡುಗ, ಹಬ್ಬದ ಬೆಳಗಿನ ಜಾವ ತಾನಾಗಿ ಕಂಡುಕೊಂಡಿದ್ದ. "ಯಾರು ಹೇಳಿಕೊಟ್ಟರೋ?" ಎಂದರೆ, "ನೀವೇ ಸಾರ್, ಆ ಕಾಂತದ ಪಾಠ" ಎನ್ನುತ್ತಾನೆ. ಸೌಜನ್ಯಕ್ಕೆ ಹೇಳಿದನೋ, ನಿಜವಾಗಿ ನಂಬಿದ್ದಾನೋ ತಿಳಿಯಲಿಲ್ಲ. ಆ ದಿನ ನಾನು ಆಡಿದ ಮಾತು ಅವನಿಗೆ ನೆನಪಿದೆಯೇ ಎಂದು ಕೇಳುವ ಧೈರ್ಯ ಬರಲಿಲ್ಲ. ಈ ಬರಹವನ್ನು ಅವನು ಓದುತ್ತಾನೆಂದು ಬಲ್ಲೆ.

ಕೆಡಿಸಿದ್ದು ನೀನಲ್ಲ, ನೀನು ಮಾಡಿದ್ದು ಆ ಫುಲರ್ಟನ್ನಿನ ರೇಡಿಯೋ ರಿಪೇರಿಯವನು ಮಾಡುತ್ತಿದ್ದ ಕೆಲಸವನ್ನೇ ಎಂದು ಅವನಿಗೆ ಹೇಳಿ ಬಂದೆ. ಅಣ್ಣನ ಮಗನಿಗೆ ಫೋನಿನಲ್ಲಿಯೂ ಹೇಳಿದೆ: ಗೋಡೆಗೆ ತೂಗುಹಾಕಬೇಡ, ಮಾರಲೂ ಬೇಡ, ರಜೆಗೆ ಬಂದಾಗ ಚಿಕ್ಕಪ್ಪನ ಎದುರು ಕೂತು ಅದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಲು ಕಲಿ. ಹುಡುಗ ಒಪ್ಪಿದ್ದಾನೆ, ಅರೆಮನಸ್ಸಿನಿಂದ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಈಗ ನನ್ನ ಶಿಷ್ಯೆಯೊಬ್ಬಳು ವಿಜ್ಞಾನದ ಶಿಕ್ಷಕಿ. ಹತ್ತನೆಯ ತರಗತಿಗೆ ಕಾಂತೀಯತೆಯ ಪಾಠ ನಡೆಯುವ ವಾರ ಗಿಟಾರನ್ನೂ ಅದರ ಯಜಮಾನನನ್ನೂ ಕರೆದುಕೊಂಡು ಬನ್ನಿ ಎಂದಿದ್ದಾಳೆ. ನಾನು ಹಿಂದಿನ ಬೆಂಚಿನಲ್ಲಿ ಕೂರುವುದೆಂದು ನಿಶ್ಚಯವಾಗಿದೆ. ಒಂದೇ ತೊಡಕು: ಅಣ್ಣನ ಕಾಲದ ಹದಿನೈದು ಇಂಚಿನ ಸ್ಪೀಕರಿನ ಕೋನನ್ನು ಇಲಿ ಕಡಿದಿದೆ. ದಾವಣಗೆರೆ, ಬೆಂಗಳೂರುಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಹಳೆಯ ಸ್ಪೀಕರಿಗೆ ಹೊಸ ಕೋನ್ ಹಾಕುವವರ ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ಸಣ್ಣ ಸ್ಪೀಕರು ಸಾಲದು, ಕಾರಣವನ್ನು ಮೇಲೆ ಹೇಳಿದ್ದೇನೆ.